ಹದಿನಾಲ್ಕು ಜೊತೆ ಕಿವಿ

ಸಪ್ಲೈಯರ್ ಕಳಿಸಿದ ಡಬ್ಬಿಯ ಮೇಲೆ
ಹಿಮದಲ್ಲಿ ಮಂಡಿಯೂರಿದ ಒಬ್ಬ, ದೂರದಲ್ಲೊಂದು ಜಿಂಕೆ.
ಜಿಂಕೆಯ ಹೆಜ್ಜೆ ಕೇಳುತ್ತದಂತೆ,
ಗುಂಡಿನ ಸದ್ದು ಮಾತ್ರ ಬಾಗಿಲಲ್ಲೇ ನಿಲ್ಲುತ್ತದಂತೆ.
ನಮ್ಮ ಜೋಗಿಮಟ್ಟಿಯಲ್ಲಿ ಹಾಗೆ ಕೂತರೆ
ಮೊದಲು ಕೇಳುವುದು ಅರಣ್ಯ ಇಲಾಖೆಯ ಜೀಪು.

ಡಬ್ಬಿ ಮೂರು, ಇಂಡೆಂಟ್ ಒಂದು, ಸಹಿ ನನ್ನದು.
'ಗಾದ್ರಪ್ಪ, ಕಿವಿಯ ವಿಷಯ ನಿಮಗೇ ಚೆನ್ನಾಗಿ ಗೊತ್ತು,'
ಅಂದರು ಸಾಹೇಬರು ಫೋನಿನಲ್ಲಿ.
ಮೊದಲ ಸಲ ಎಡಗಡೆ ಹಿಡಿದಿದ್ದೆ;
ಬಲಕ್ಕೆ ತಂದು, ಇನ್ನೊಮ್ಮೆ ಹೇಳಿ ಸಾರ್ ಅಂದೆ.

ಬಲಭುಜಕ್ಕೆ ಬಂದೂಕು ಆನಿಸಿದವನ ಎಡಗಿವಿ
ನಳಿಗೆಯ ಬಾಯಿಗೆ ಎದುರು ಕೂರುತ್ತದೆ,
ಬಲಗಿವಿ ತಲೆಯ ಮರೆಗೆ.
ತೊಂಬತ್ತೆರಡರಲ್ಲಿ ತ್ರೀ ನಾಟ್ ತ್ರೀ ಕೈಗಿಟ್ಟ ಉಸ್ತಾದ್
ಹತ್ತಿ ಕೇಳಿದ್ದಕ್ಕೆ
'ಹತ್ತಿ ಹೆಣದ ಮೂಗಿಗೆ' ಅಂದಿದ್ದ.
ನಕ್ಕೆವು ಎಲ್ಲರೂ.
ಆ ನಗು ಎರಡೂ ಕಿವಿಯಲ್ಲಿ ಕೇಳಿತ್ತು, ನೆನಪಿದೆ.
ಈಗ ಎಡಗಡೆ ಇರುವುದೊಂದು ಜೀರುಂಡೆ,
ಡ್ಯೂಟಿ ಬದಲಾಗದ್ದು.

ಮೊದಲನೆಯ ಡಬ್ಬಿ, ಬರೀ ಸ್ಪಂಜು.
ಹೊಸೆದು ತುರುಕಿದರೆ ಸದ್ದು ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ:
ಕಳ್ಳನನ್ನೂ ಕಂಪ್ಲೇಂಟ್ ಕೊಟ್ಟವನನ್ನೂ
ಒಂದೇ ಲಾಕಪ್ಪಿಗೆ ಹಾಕಿದ ಹಾಗೆ.

ಎರಡನೆಯದು ಬ್ಯಾಟರಿಯದು, ಕಡಲೆಬೀಜದಷ್ಟು.
ಹಾಕಿಕೊಂಡೆ, ದುರ್ಗದ ಗಾಳಿ ಒಳಗೆ ನುಗ್ಗಿತು.
ಗುಡ್ಡದ ಮೇಲಿನ ಫ್ಯಾನುಗಳನ್ನೆಲ್ಲ ಕಿತ್ತು ತಂದು
ಕಿವಿಯಲ್ಲಿ ನೆಟ್ಟ ಹಾಗೆ ಬುಸ್ಸೋ ಬುಸ್ಸು.
ಹಿಮದವನಿಗೆ ನಮ್ಮ ಆಷಾಢ ಗೊತ್ತಿಲ್ಲ ಪಾಪ.
ವಾಪಸ್ಸು.

ಮೂರನೆಯದರ ಮೈಕಿಗೆ ಸಣ್ಣ ಜಾಲರಿ,
ಮೂರು ಅಳತೆಯ ರಬ್ಬರು ತುದಿ.
ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ತಿರುವಿ, ಬಿಟ್ಟೆ.
ದವಡೆ ಆಡಿಸಿದೆ, ಸಡಿಲಾಗಲಿಲ್ಲ.
ಬಂದೂಕಿನ ಕಟ್ಟಿಗೆಗೆ ಕೆನ್ನೆಯಿಟ್ಟೆ, ತಗುಲಲಿಲ್ಲ.
ಸ್ವಿಚ್ಚು ಒತ್ತಿದೆ. ಆಮೇಲೆ

ಬಾದೆಹುಲ್ಲು ಒಂದಕ್ಕೊಂದು ತೀಡುವುದು.
ಟ್ಯಾಂಕರಿನ ನಲ್ಲಿ ಮರಳಿಗೆ ತೊಟ್ಟಿಕ್ಕುವುದು.
ಡ್ರೈವರ್ ಖಾದರ್‌ಬಾಷಾ ಬೀಡಿಯ ಹೊಗೆ ಬಿಡುವುದು, ಅದಕ್ಕೂ ಒಂದು ಸದ್ದಿದೆ.
ಮತ್ತೆ, ಟಾರ್ಗೆಟ್ಟಿಗೆ ಕಾಗದ ಅಂಟಿಸುವ ಹುಡುಗರ ಕಡೆಯಿಂದ:
'ಕೆಪ್ಪಪ್ಪ ಇವತ್ತು ಓಲೆ ಇಟ್ಕಂಡವ್ನೆ ನೋಡ್ರಲೇ!'

ಕೆಪ್ಪಪ್ಪ.
ಗಾದ್ರಪ್ಪನಿಗೆ ಪ್ರಾಸ ಬೇರೆ.
ಎಷ್ಟು ವರ್ಷದಿಂದಲೋ.
ನಮಸ್ಕಾರ ಅಂದಿರಬೇಕೆಂದು
ನಾನು ಕೈಯೆತ್ತಿ ನಗುತ್ತಲೇ ಬಂದಿದ್ದೇನೆ.
ಇವತ್ತೂ ಎತ್ತಿದೆ. ಅಭ್ಯಾಸ.

ಇರುವುದು ಒಂದೇ ಸ್ಯಾಂಪಲ್.
ಜಗಳೂರಿನ ಹಾಲಮ್ಮನಿಗೆ ಹಾಕಿಸಿದೆ, ಎಲ್ಲಕ್ಕಿಂತ ಸಣ್ಣ ತುದಿ.
ಉಳಿದ ಹದಿಮೂರು ಮಂದಿಗೆ ಸ್ಪಂಜು.
ಮೂವತ್ತೊಂದು ವರ್ಷ ಈ ಲೈನಿನ ಹಿಂದೆ ನಿಂತು ಕೂಗಿದವನು ನಾನು;
ಮನೆಯಲ್ಲಿ ಸಾರಿಗೆ ಉಪ್ಪು ಕೇಳಿದರೆ
ಬೀದಿಯ ನಾಯಿ ಎದ್ದು ನಿಲ್ಲುತ್ತದೆ.
ಇವತ್ತು ಕೂಗಲಿಲ್ಲ.
ಮಲಗಿದ ಕೂಸಿನ ಪಕ್ಕ ಆಡುವಷ್ಟೇ ದನಿಯಲ್ಲಿ
'ಫೈರ್' ಅಂದೆ.

ಹದಿಮೂರು ಬಂದೂಕು ಸುಮ್ಮನಿದ್ದವು.
ಒಂದು ಹಾರಿತು.

ಖೋಖಾ ಕಲ್ಲಿಗೆ ಬಿದ್ದು ಉರುಳಿತು.
ಅಕ್ಕಪಕ್ಕದವರೆಲ್ಲ ಬೆಚ್ಚಿ ತನ್ನನ್ನೇ ನೋಡುತ್ತಿರುವುದಕ್ಕೆ
ಹಾಲಮ್ಮ ಗಾಬರಿಯಾಗಿ ನನ್ನತ್ತ ತಿರುಗಿದಳು.
ತಪ್ಪೇನಿಲ್ಲ ಕಣಮ್ಮ, ಅಂದೆ, ಅದೇ ದನಿಯಲ್ಲಿ.
ಇಪ್ಪತ್ತು ಹೆಜ್ಜೆ ಆಚೆಯಿಂದ ತಲೆಯಾಡಿಸಿದಳು.

ಸಂಜೆ ಇಂಡೆಂಟ್ ತುಂಬಿದೆ. ಮೂರನೆಯ ಡಬ್ಬಿಯದು,
ಹದಿನಾಲ್ಕು ಜೊತೆ.
ಹದಿನೈದು ಅಂತ ಬರೆಯಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ.
ನನಗೆ ಬೇಕಾದದ್ದು ಒಂದೇ, ಬಲಗಡೆಯದು.
ಸಪ್ಲೈಯರಿಗೆ ಫೋನ್ ಮಾಡಿ ವಿಚಾರಿಸಿದೆ.
ಒಂಟಿ ಮಾರುವುದಿಲ್ಲವಂತೆ.